ಮಲ್ಲಿಗೆ ಮುಡಿಯದ ವಿದ್ಯೆ

ಶಂಕರಪುರದ ಮಲ್ಲಿಗೆ ಬೆಳೆಯುವ ಸೀಮೆಗೆ ಓದಲು ಹೋಗಿ, ಎರಡು ವರ್ಷ ಒಂದು ತುಂಡು ಹೂ ಮುಡಿಯದೆ ವಾಪಸು ಬಂದವಳು ನಾನು. ಬೇರೆಯವರು ಉಡುಪಿ ಕಡೆ ಹೋದರೆ ಕೃಷ್ಣನ ದರ್ಶನ ಮಾಡುತ್ತಾರೆ, ಮಲ್ಪೆಯಲ್ಲಿ ಕಾಲು ಒದ್ದೆ ಮಾಡಿಕೊಳ್ಳುತ್ತಾರೆ, ಬರುವಾಗ ಬಾಳೆಲೆಯಲ್ಲಿ ಸುತ್ತಿಸಿಕೊಂಡು ಒಂದು ಚೆಂಡು ಮಲ್ಲಿಗೆ ತರುತ್ತಾರೆ. ನಾನು ಹೋದದ್ದು ಮಣಿಪಾಲದಲ್ಲಿ ಕ್ಲಿನಿಕಲ್ ಎಂಬ್ರಿಯಾಲಜಿ, ಅಂದರೆ ಭ್ರೂಣವನ್ನು ಲ್ಯಾಬಿನಲ್ಲಿ ಬೆಳೆಸುವ ವಿದ್ಯೆಯ, ಎಂ.ಎಸ್ಸಿ. ಮಾಡಲು. ಆ ವಿದ್ಯೆಗೂ ಮಲ್ಲಿಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಜೀವದ ಗುಟ್ಟನ್ನೇ ಬಿಚ್ಚಿ ತೋರಿಸುತ್ತಾರೆ ಎಂದುಕೊಂಡು ಹೋದವರಿಗೆ ಮೊದಲು ಹೇಳಿಕೊಟ್ಟದ್ದು ಏನೇನು ಹಚ್ಚಿಕೊಂಡು ಬರಬಾರದು ಎಂಬುದನ್ನು. ಸೆಂಟು ಬೇಡ, ಉಗುರಿನ ಬಣ್ಣ ಬೇಡ, ಘಮಘಮ ತಲೆಎಣ್ಣೆ ಬೇಡ, ಪೌಡರ್ ಬೇಡ, ಹೂವಂತೂ ಬೇಡವೇ ಬೇಡ. ಕಾರಣ ಸರಳ. ನಮ್ಮ ಮೂಗಿಗೆ ಪರಿಮಳವಾಗಿ ಬರುವುದು ಗಾಳಿಯಲ್ಲಿ ತೇಲುವ ರಾಸಾಯನಿಕ. ನಮಗೆ ಚರ್ಮವಿದೆ, ಯಕೃತ್ತಿದೆ, ಬೇಡದ್ದನ್ನು ಹೊರಹಾಕುವ ಮೂತ್ರಪಿಂಡವಿದೆ. ತಟ್ಟೆಯಲ್ಲಿ ಕೂತ ಎರಡು ದಿನದ ಭ್ರೂಣಕ್ಕೆ ಅದ್ಯಾವುದೂ ಇಲ್ಲ. ಅದು ಒಂದು ಹನಿ ಪೋಷಕ ದ್ರವದಲ್ಲಿ ಮುಳುಗಿರುತ್ತದೆ. ಹನಿ ಆರದಿರಲೆಂದು ಮೇಲೆ ತೆಳು ಎಣ್ಣೆಯ ಹೊದಿಕೆ. ಗಾಳಿಯಲ್ಲಿರುವ ವಾಸನೆ ಆ ಎಣ್ಣೆಗೆ ಇಳಿಯುತ್ತದೆ, ಎಣ್ಣೆಯಿಂದ ಹನಿಗೆ. ಹಾಗಾಗಿ ಲ್ಯಾಬಿನ ಗಾಳಿಯನ್ನು ದೂಳಿನ ಜರಡಿಯಲ್ಲಿ ಒಮ್ಮೆ, ಇದ್ದಿಲಿನ ಜರಡಿಯಲ್ಲಿ ಇನ್ನೊಮ್ಮೆ ಸೋಸಿ ಒಳಗೆ ಬಿಡುತ್ತಾರೆ. ಅಷ್ಟೆಲ್ಲ ಖರ್ಚು ಮಾಡಿ ಸೋಸಿದ ಗಾಳಿಯೊಳಗೆ ನಾನು ಜಡೆ ತುಂಬ ಮಲ್ಲಿಗೆ ಇಟ್ಟುಕೊಂಡು ನಡೆದರೆ ಹೇಗಿದ್ದೀತು?

ಭಾನುವಾರ ಮುಡಿಯಬಹುದಿತ್ತಲ್ಲ ಎಂದು ಕೇಳಬೇಡಿ. ಭ್ರೂಣಗಳಿಗೆ ಭಾನುವಾರ ಇಲ್ಲ. ಗುರುವಾರ ತೆಗೆದ ಅಂಡಕ್ಕೆ ಭಾನುವಾರ ಮೂರನೆಯ ದಿನ; ಯಾರಾದರೂ ಹೋಗಿ ನೋಡಲೇಬೇಕು. ಉಡುಪಿ ಬಸ್‌ಸ್ಟ್ಯಾಂಡಿನ ಹೂವಿನ ಬುಟ್ಟಿಯ ಅಮ್ಮ ನನ್ನನ್ನು ಹಲವು ಸಲ ಕರೆದು, ನಾನು ಪ್ರತಿ ಸಲವೂ ಬೇಡ ಎಂದು, ಕಡೆಗೊಮ್ಮೆ ಅವರು ದನಿ ತಗ್ಗಿಸಿ, "ಎಂತ ಮಗಾ, ಸೂತಕವಾ?" ಎಂದು ಕೇಳಿದ್ದರು. ಪ್ಯಾರಾಫಿನ್ ಎಣ್ಣೆ, ಕರಗುವ ಅನಿಲ ಎಂದು ಅವರಿಗೆ ವಿವರಿಸುವಷ್ಟರಲ್ಲಿ ಮಣಿಪಾಲದ ಬಸ್ಸು ಹೊರಟುಹೋಗುತ್ತಿತ್ತು. "ಹೌದಮ್ಮ" ಎಂದುಬಿಟ್ಟೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ವಿವರಿಸುವುದು ಅದಕ್ಕಿಂತ ಕಷ್ಟವಾಯಿತು. ಆಗುಂಬೆ ಘಾಟಿಯ ಮಿನಿಬಸ್ಸಿನಲ್ಲಿ ಹೊಟ್ಟೆ ಕೈಯಲ್ಲಿ ಹಿಡಿದು ಹತ್ತಿ ರಜಕ್ಕೆ ಹೋದರೆ, ಅಪ್ಪಯ್ಯ ಅಡಿಕೆ ಸುಲಿಯುವ ಚಪ್ಪರದಲ್ಲಿ ನನ್ನ ಓದಿನ ಬಗ್ಗೆ ಊರವರಿಗೆ ಒಂದೊಂದು ಸಲ ಒಂದೊಂದು ಸುದ್ದಿ ಹೇಳಿರುತ್ತಿದ್ದರು. ಒಬ್ಬರ ಲೆಕ್ಕದಲ್ಲಿ ನಾನು ಹೆರಿಗೆ ಡಾಕ್ಟರು. ಮತ್ತೊಬ್ಬರ ಲೆಕ್ಕದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಪ್ಪಯ್ಯನಿಗೆ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಮಗಳು ಹಗಲೆಲ್ಲ ಕೂತು ವೀರ್ಯದ ಲೆಕ್ಕ ಬರೆಯುತ್ತಾಳೆ ಎಂಬುದನ್ನು ಚಪ್ಪರದಲ್ಲಿ ಹೇಳುವ ಬಗೆ ಅವರಿಗೆ ಹೊಳೆದಿರಲಿಲ್ಲ, ಅಷ್ಟೆ.

ಅಜ್ಜಿಗೆ ಮಾತ್ರ ಎಲ್ಲವೂ ಸಲೀಸಾಗಿ ಅರ್ಥವಾಯಿತು. "ಅದರಲ್ಲಿ ಎಂಥ ಹೊಸತು? ಗಾಂಧಾರಿಗೆ ವ್ಯಾಸರು ಮಾಡಿಕೊಟ್ಟಿದ್ದೂ ಅದೇ ಅಲ್ವನೇ" ಎಂದರು. ನೂರೊಂದು ತುಪ್ಪದ ಕೊಡ, ಒಬ್ಬರೇ ಋಷಿ. ನಾನು ಆಗಷ್ಟೇ ಸಾಕ್ಷಿ ಪದ್ಧತಿಯ ಪಾಠ ಮುಗಿಸಿ ಬಂದಿದ್ದೆ. ಯಾವ ತಟ್ಟೆಯನ್ನು ಕದಲಿಸಿದರೂ ಒಬ್ಬರು ಹೆಸರು ಓದಬೇಕು, ಇನ್ನೊಬ್ಬರು ನೋಡಿ ಹೌದೆನ್ನಬೇಕು, ಇಬ್ಬರೂ ಸಹಿ ಹಾಕಬೇಕು. "ಅಲ್ಲ ಅಜ್ಜಿ, ನೂರೊಂದು ಕೊಡಕ್ಕೆ ಲೇಬಲ್ ಅಂಟಿಸಿದ್ದು ಯಾರು? ಯಾವುದು ದುರ್ಯೋಧನ, ಯಾವುದು ವಿಕರ್ಣ ಅಂತ ಗೊತ್ತಾಗೋದು ಹೇಗೆ?" ಎಂದು ಕೇಳಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನೂ ನಿಲ್ಲಿಸಲಿಲ್ಲ. "ದುರ್ಯೋಧನ ಹುಟ್ಟಿದ ಕೂಡ್ಲೆ ನರಿ ಊಳಿಟ್ಟಿತಲ್ಲ, ಅದೇ ಲೇಬಲ್ಲು."

ಚಿಕ್ಕಪ್ಪ ಪೌರೋಹಿತ್ಯದವರು. ಅವರ ಆಸಕ್ತಿ ಬೇರೆ. ಜಾತಕದಲ್ಲಿ ಆಧಾನ ಲಗ್ನ ಎಂದು ಒಂದಿದೆ, ಗರ್ಭ ನಿಂತ ಗಳಿಗೆಯದು. ಆದರೆ ಆ ಗಳಿಗೆ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲವಾದ್ದರಿಂದ ಜನ್ಮಲಗ್ನಕ್ಕೇ ತೃಪ್ತಿಪಡಬೇಕು ಎಂಬ ಕೊರಗು ಅವರಿಗೆ. ನಮ್ಮ ರಿಜಿಸ್ಟರಿನಲ್ಲಿ ವೀರ್ಯಾಣುವನ್ನು ಅಂಡದೊಳಗೆ ಬಿಟ್ಟ ಹೊತ್ತು ಗಂಟೆ ನಿಮಿಷ ಸಮೇತ ಇರುತ್ತದೆ ಎಂದಾಗ ಅವರ ಮುಖ ಅರಳಿತು. ಆದರೆ ಅದೇ ಭ್ರೂಣವನ್ನು ಮೂರು ವರ್ಷ ಹೆಪ್ಪುಗಟ್ಟಿಸಿಟ್ಟು ಆಮೇಲೆ ಗರ್ಭಕ್ಕೆ ಸೇರಿಸುವುದೂ ಉಂಟು ಎಂದ ಕೂಡಲೇ ಬಾಡಿತು. ಆ ಮೂರು ವರ್ಷ ಯಾರ ದಶೆ, ಯಾರ ಭುಕ್ತಿ? ಊಟಕ್ಕೆ ಕರೆದರೂ ಏಳದೆ ಬೆರಳು ಮಡಿಸುತ್ತ ಕೂತಿದ್ದರು.

ಈ ಓದಿಗೆ ಸೇರುವ ಎಲ್ಲರ ಕಣ್ಣ ಮುಂದೆ ಇರುವುದು ಒಂದೇ ಚಿತ್ರ: ದುಂಡಗಿನ ಅಂಡ, ಅದರೊಳಕ್ಕೆ ಇಳಿಯುವ ಗಾಜಿನ ಸೂಜಿ. ಪತ್ರಿಕೆಗಳು ಬಂಜೆತನದ ಬಗ್ಗೆ ಏನೇ ಬರೆದರೂ ಆ ಚಿತ್ರವನ್ನೇ ಹಾಕುತ್ತವೆ. ಸೇರಿದ ಮೇಲೆ ಸೂಜಿಯನ್ನು ದೂರದಿಂದ ನೋಡಲು ಬಿಡುತ್ತಾರೆ. ಕೈಗೆ ಕೊಡುವುದು ಎಣಿಕೆಯ ಗಾಜಿನ ತಟ್ಟೆಯನ್ನು. ಚೌಕುಳಿ ಗೆರೆ ಕೊರೆದ ಆ ತಟ್ಟೆಯ ಮೇಲೆ ವೀರ್ಯದ ಹನಿ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಬೆರಳಿನಲ್ಲಿ ಕೌಂಟರ್ ಒತ್ತುತ್ತ ಕೂರಬೇಕು. ಓಡುವವು ಎಷ್ಟು, ನಿಂತಲ್ಲೇ ಒದ್ದಾಡುವವು ಎಷ್ಟು, ಸುಮ್ಮನೆ ಬಿದ್ದುಕೊಂಡವು ಎಷ್ಟು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬಾಲಗಳು ಅಲ್ಲಾಡುತ್ತವೆ.

ಈ ವೀರ್ಯಾಣುಗಳನ್ನು ಮೊದಲು ಕಂಡು ಬರೆದಿಟ್ಟವರಲ್ಲಿ ಹೆಸರಾದವನು ಡೆಲ್ಫ್ಟ್ ಎಂಬ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್, 1677ರಲ್ಲಿ. ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಪಾಪ, ಇದು ದಾಂಪತ್ಯದಿಂದಲೇ ಬಂದದ್ದು, ಬೇರೆ ಪಾಪಕಾರ್ಯದಿಂದಲ್ಲ ಎಂದು ಸ್ಪಷ್ಟಪಡಿಸಿದ್ದ. ಓದುವವರಿಗೆ ಅಸಹ್ಯವೆನಿಸುವುದಾದರೆ ಪ್ರಕಟಿಸದಿರಿ ಎಂದೂ ಸೇರಿಸಿದ್ದ. ಆ ಸಂಕೋಚ ಸುಮಾರು ಮುನ್ನೂರೈವತ್ತು ವರ್ಷ ದಾಟಿ, ಸಮುದ್ರ ದಾಟಿ, ನಮ್ಮ ಕೌಂಟರಿನವರೆಗೂ ಬಂದಿದೆ. ಮನೆಯಿಂದ ತರುವ ಮಾದರಿಯನ್ನು ಮೈ ಬಿಸಿಯಲ್ಲೇ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಅದು ಬರುತ್ತಿದ್ದದ್ದು ಸಾಮಾನ್ಯವಾಗಿ ಅಂಗಿಯ ಒಳಜೇಬಿನಲ್ಲಿ, ಮಣಿಪಾಲದಲ್ಲೇ ಅಚ್ಚಾಗುವ ಉದಯವಾಣಿಯ ಹಾಳೆಯಲ್ಲಿ ಸುತ್ತಿಕೊಂಡು, ಮೇಲೆ ರಬ್ಬರ್ ಬ್ಯಾಂಡು. ತಂದವರು ನನ್ನ ಮುಖ ನೋಡುತ್ತಿರಲಿಲ್ಲ. ಗೋಡೆಯ ಗಡಿಯಾರಕ್ಕೆ ಹೇಳುವಂತೆ "ಇದು ಕೊಟ್ಟು ಹೋಗಲು ಹೇಳಿದ್ರು" ಎಂದು ಹೇಳಿ ಹೊರಟುಬಿಡುತ್ತಿದ್ದರು. ಹೆಸರು ಬರೆಯಬೇಕು ನಿಲ್ಲಿ ಎಂದು ನಾನು ಹಿಂದೆ ಓಡಬೇಕು. ಕಾರಿಡಾರಿನಲ್ಲಿ ಗಂಡಸೊಬ್ಬ ಮುಂದೆ ಓಡುವುದು, ಕೈಯಲ್ಲಿ ಪೇಪರಿನ ಪೊಟ್ಟಣ ಹಿಡಿದ ಹುಡುಗಿ ಹಿಂದೆ ಓಡುವುದು ನಮ್ಮಲ್ಲಿ ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ.

ವೀರ್ಯದ ಮೌಲ್ಯಮಾಪನದಷ್ಟು ಉದಾರವಾದದ್ದು ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ನೂರರಲ್ಲಿ ನಾಲ್ಕರ ಆಕಾರ ಸರಿಯಿದ್ದರೆ ಸಾಕು. ಮಿಕ್ಕ ತೊಂಬತ್ತಾರಕ್ಕೆ ತಲೆ ಸೊಟ್ಟಗಿರಲಿ, ಬಾಲ ಎರಡಿರಲಿ, ಯಾರೂ ಕೇಳುವುದಿಲ್ಲ. 2021ರ ಆವೃತ್ತಿಯಲ್ಲಿ ಒಂದು ಮಿಲಿಲೀಟರಿಗೆ 1.6 ಕೋಟಿ ಇದ್ದರೆ ಕೆಳಗಿನ ಗೆರೆ ದಾಟಿದಂತೆ. ಇಷ್ಟು ಸುಲಭದ ಪರೀಕ್ಷೆಯನ್ನೂ ಬರೆಯದೆ ತಪ್ಪಿಸಿಕೊಳ್ಳುವವರು ಬಹಳ. ಹೆಂಡತಿಗೆ ಎಲ್ಲ ಸ್ಕ್ಯಾನು ಮುಗಿದು, ಧರ್ಮಸ್ಥಳ ಸುಬ್ರಹ್ಮಣ್ಯಗಳ ಹರಕೆ ಮುಗಿದು, ನಾಲ್ಕು ಊರಿನ ಕಷಾಯ ಕುಡಿದಾದ ಮೇಲೆ ಗಂಡನ ಮೊದಲ ಪರೀಕ್ಷೆ ನಡೆಯುವುದು ನಾವು ದಿನಾ ಕಾಣುತ್ತಿದ್ದ ಸಂಗತಿ. ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಪಾಲಿನ ಕಾರಣವೂ ಇರುತ್ತದೆ. ಎಣಿಕೆ ಕಡಿಮೆ ಬಂದ ವರದಿಯನ್ನು ಓದಿ ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತು ನಕ್ಕದ್ದನ್ನು ನಾನು ನೋಡಿದ್ದೇನೆ. ಸಂತೋಷದ ನಗು ಅಲ್ಲ ಅದು. ಅತ್ತೆಮನೆಯ ಹೊಸಿಲಲ್ಲಿ ಕೇಳಿಸಿಕೊಂಡ ಮಾತುಗಳಿಗೆಲ್ಲ ಒಂದು ಹಾಳೆಯಲ್ಲಿ ಉತ್ತರ ಸಿಕ್ಕವಳ ನಗು.

ಅಂಡದ ಪಾಠ ಬಂದಾಗ ಅರ್ಧ ವರ್ಷ ಕಳೆದಿತ್ತು. ಮನುಷ್ಯನ ಮೈಯ ಅತಿ ದೊಡ್ಡ ಕೋಶ ಅದು. ದೊಡ್ಡದು ಎಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು, ಪೆನ್ಸಿಲ್ಲಿನ ಮೊನೆ ತಾಗಿಸಿದ ಚುಕ್ಕೆಗಿಂತ ಚಿಕ್ಕದು. ಸಸ್ತನಿಗಳಿಗೂ ಹೀಗೊಂದು ಅಂಡ ಇದೆಯೆಂದು ಕಣ್ಣಾರೆ ಕಂಡು ತೋರಿಸಿದವನು 1827ರಲ್ಲಿ ಫಾನ್ ಬೇರ್. ಅವನಿಗೆ ಅದು ಸಿಕ್ಕಿದ್ದು ಸಹೋದ್ಯೋಗಿ ಬುರ್ಡಾಖನ ಮನೆಯ ಹೆಣ್ಣುನಾಯಿಯಲ್ಲಿ, ಅದನ್ನು ಕೊಂದು. ವಿಜ್ಞಾನದ ಚರಿತ್ರೆಯಲ್ಲಿ ನಾಯಿ ಸಾಕಿದವನ ಹೆಸರೂ ಉಳಿಯಿತು, ನಾಯಿಯ ಹೆಸರು ಉಳಿಯಲಿಲ್ಲ.

ಸಂಜೆ ಅಂಡ ಮತ್ತು ವೀರ್ಯಾಣುವನ್ನು ಸೇರಿಸಿ ಇನ್ಕ್ಯುಬೇಟರಿನ ಬಾಗಿಲು ಹಾಕಿದರೆ, ತೆಗೆಯುವುದು ಹದಿನಾರರಿಂದ ಹದಿನೆಂಟು ಗಂಟೆ ಕಳೆದ ಮೇಲೆ. ಆ ಹೊತ್ತಿಗೆ ಅಂಡದ ನಡುವೆ ಎರಡು ದುಂಡು ನೆರಳು ಪಕ್ಕಪಕ್ಕದಲ್ಲಿ ಕಾಣಬೇಕು: ಒಂದು ತಾಯಿಯ ಕಡೆಯ ಕೋಶಕೇಂದ್ರ, ಇನ್ನೊಂದು ತಂದೆಯ ಕಡೆಯದು. ಬೇಗ ಹೋದರೆ ಇನ್ನೂ ಮೂಡಿರುವುದಿಲ್ಲ. ತಡವಾಗಿ ಹೋದರೆ ಎರಡೂ ಕರಗಿ ಮರೆಯಾಗಿರುತ್ತವೆ, ಫಲಿತವಾಯಿತೋ ಇಲ್ಲವೋ ಹೇಳಲು ಬರುವುದಿಲ್ಲ. ಒಂದೇ ಕಂಡರೂ ಕಷ್ಟ, ಮೂರು ಕಂಡರಂತೂ ಅದನ್ನು ಬಳಸುವ ಹಾಗೇ ಇಲ್ಲ. ಎರಡು ಕಂಡಾಗ ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ "ಹ್ಞೂಂ" ಎನ್ನುತ್ತಿದ್ದರು. ಆ ಹ್ಞೂಂಕಾರವನ್ನು ಕೇಳಲು ನಾವು ಉಸಿರು ಹಿಡಿದು ನಿಲ್ಲುತ್ತಿದ್ದೆವು. ಮಾಸ್ಕ್ ಇದ್ದುದರಿಂದ ಉಸಿರು ಹೇಗೂ ಅರ್ಧವೇ ಇತ್ತು.

ಎರಡನೆಯ ದಿನ ನಾಲ್ಕು ಕೋಶ, ಮೂರನೆಯ ದಿನ ಎಂಟು. ನಾಲ್ಕನೆಯ ದಿನ ಕೋಶಗಳೆಲ್ಲ ಒತ್ತಿಕೊಂಡು ಒಂದು ಮುದ್ದೆ. ಯಾವುದು ಎಲ್ಲಿ ಮುಗಿಯಿತೆಂದು ತಿಳಿಯದು. ಐದನೆಯ ದಿನ ಆ ಮುದ್ದೆಯೊಳಗೆ ನೀರು ತುಂಬಿ, ಒಂದು ಮೂಲೆಯಲ್ಲಿ ಮಗುವಾಗುವ ಗುಂಪು, ಸುತ್ತ ಮಾಸು ಆಗುವ ಗೋಡೆ. ಇದಕ್ಕೆ ಡೇವಿಡ್ ಗಾರ್ಡ್ನರ್ ಎಂಬಾತ ಮಾಡಿಟ್ಟ ಅಂಕಪಟ್ಟಿ ಇದೆ: ಹಿಗ್ಗಿದ್ದಕ್ಕೆ ಒಂದರಿಂದ ಆರರವರೆಗೆ ಅಂಕೆ, ಒಳಗಿನ ಗುಂಪಿಗೆ ಒಂದು ಅಕ್ಷರ, ಗೋಡೆಗೆ ಒಂದು ಅಕ್ಷರ. ನಾಲ್ಕು ಎ ಎ ಎಂದರೆ ರ‍್ಯಾಂಕು ಬಂದಂತೆ. ಹುಟ್ಟುವುದಕ್ಕೆ ಒಂಬತ್ತು ತಿಂಗಳ ಮೊದಲೇ ಪರೀಕ್ಷೆ, ಅದರಲ್ಲಿ ಗ್ರೇಡು! ಎಲ್‌ಕೆಜಿ ಪ್ರವೇಶಕ್ಕೆ ಸಂದರ್ಶನ ಮಾಡುವ ಬೆಂಗಳೂರಿನ ಶಾಲೆಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ನೀವೂ ಹೇಳಬೇಡಿ. ಸಿ ದರ್ಜೆಯವು ಗರ್ಭದಲ್ಲಿ ನಿಂತು ಚೆಂದದ ಮಕ್ಕಳಾಗುವುದೂ ಇದೆ, ನಾಲ್ಕು ಎ ಎ ಏನೂ ಆಗದೆ ಹೋಗುವುದೂ ಇದೆ.

ನಡುವಿನ ಹೊತ್ತಿನಲ್ಲಿ ನಾವೇನು ಮಾಡುತ್ತೇವೆ? ಇದೇ ಈ ವಿದ್ಯೆಯ ತಿರುಳು, ಇದನ್ನು ಕಲಿಯಲು ಎರಡು ವರ್ಷವೂ ಸಾಲದು. ಏನೂ ಮಾಡುವುದಿಲ್ಲ. ಮೂವತ್ತೇಳು ಡಿಗ್ರಿ ಶಾಖ, ಶೇಕಡ ಐದಾರರಷ್ಟು ಇಂಗಾಲದ ಡೈ ಆಕ್ಸೈಡ್, ಶೇಕಡ ಐದು ಆಮ್ಲಜನಕ, ಕತ್ತಲು. ಇಷ್ಟನ್ನು ಕೆಡದಂತೆ ನೋಡಿಕೊಂಡು ಬಾಗಿಲು ಮುಚ್ಚಿರಬೇಕು. ತೆಗೆದು ತೆಗೆದು ನೋಡುವ ಚಪಲ ಪ್ರತಿಯೊಬ್ಬ ವಿದ್ಯಾರ್ಥಿಗೂ ಇರುತ್ತದೆ. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ದಿನಾ ತೆಗೆದು ನೋಡುವ ಸೊಸೆಯ ಕೈಗೆ ನಮ್ಮ ಅಜ್ಜಿ ಸೌಟಿನಲ್ಲಿ ಬಾರಿಸುತ್ತಿದ್ದಂತೆ, ಮೇಡಂ ನಮ್ಮನ್ನು ಕಣ್ಣಿನಲ್ಲೇ ಬಾರಿಸುತ್ತಿದ್ದರು. ಪರೀಕ್ಷೆಗೆ ಓದಿದ್ದೆಲ್ಲ ಮಾಡುವ ಕೆಲಸದ ಬಗ್ಗೆ. ಕೈಗೆ ಬಂದ ವಿದ್ಯೆ ಸುಮ್ಮನಿರುವುದು. ಅಪ್ಪಯ್ಯನಿಗೆ ಇದನ್ನು ಹೇಳಿದಾಗ, "ಫೀಸು ಕಟ್ಟಿದ್ದು ಅದಕ್ಕಾ?" ಎಂದರು. ಹೌದು, ಅದಕ್ಕೇ.

ಸುಮ್ಮನಿರುವುದಕ್ಕಿಂತ ಕಷ್ಟದ್ದು ಬೆಳಗಿನ ಫೋನು. ಹತ್ತು ಅಂಡ ಸಿಕ್ಕಿತು ಎಂದು ಹಿಗ್ಗಿ ಹೋದವರಿಗೆ ಮಾರನೆಯ ದಿನ ಏಳು ಫಲಿತವಾಗಿವೆ ಎನ್ನಬೇಕು, ಮೂರನೆಯ ದಿನ ಐದು ಚೆನ್ನಾಗಿವೆ ಎನ್ನಬೇಕು, ಐದನೆಯ ದಿನ ಎರಡು ಎನ್ನಬೇಕು. ಇದು ಸಾಮಾನ್ಯ ಲೆಕ್ಕ, ಯಾರ ತಪ್ಪೂ ಇಲ್ಲ. ಮೈಯೊಳಗೂ ಹೀಗೇ ನಡೆಯುತ್ತದೆ, ಅಲ್ಲಿ ಯಾರೂ ಫೋನು ಮಾಡಿ ತಿಳಿಸುವುದಿಲ್ಲ ಅಷ್ಟೆ. ಆಚೆ ಕಡೆಯಿಂದ ಕೇಳುವ ಪ್ರಶ್ನೆ ಮಾತ್ರ ಯಾವ ಪಠ್ಯದಲ್ಲೂ ಇರಲಿಲ್ಲ. "ಅವು ಹೇಗಿದಾವೆ?" ಎನ್ನುತ್ತಿದ್ದರು, ಹಾಸ್ಟೆಲಿನಲ್ಲಿ ಬಿಟ್ಟ ಮಕ್ಕಳ ಬಗ್ಗೆ ವಾರ್ಡನ್ನನ್ನು ಕೇಳುವ ದನಿಯಲ್ಲಿ. ಕೆಲವರು ಗಂಡೋ ಹೆಣ್ಣೋ ಎಂದೂ ಕೇಳುತ್ತಿದ್ದರು. ಅದನ್ನು ನೋಡುವುದೂ ಹೇಳುವುದೂ ಕಾನೂನಿನಲ್ಲಿ ಅಪರಾಧ ಎಂದರೆ, "ಹಾಗಾದ್ರೆ ಬೇಡ, ಆರೋಗ್ಯವಾಗಿದ್ರೆ ಸಾಕು" ಎಂದು ಪಿಸುಗುಟ್ಟಿ ಇಡುತ್ತಿದ್ದರು.

ಸೂಜಿಯ ಪಾಠ ಕೊನೆಗೂ ಬಂತು. ಐದು ಮೈಕ್ರಾನ್ ಬಾಯಿಯ ಗಾಜಿನ ಕೊಳವೆ, ಎರಡೂ ಕೈಗೆ ಒಂದೊಂದು ಜಾಯ್‌ಸ್ಟಿಕ್. ವೀರ್ಯಾಣುವಿನ ಬಾಲಕ್ಕೆ ಮೊದಲು ಕೊಳವೆಯಿಂದ ತಟ್ಟಿ ಅದನ್ನು ನಿಲ್ಲಿಸಬೇಕು, ಆಮೇಲೆ ಬಾಲದ ಕಡೆಯಿಂದ ಹೀರಬೇಕು, ಆಮೇಲೆ ಅಂಡದ ಗೋಡೆ ದಾಟಬೇಕು. ಅಭ್ಯಾಸಕ್ಕೆ ಸಿಗುವುದು ಬಲಿಯದೆ ಉಳಿದ, ಹೇಗೂ ಚೆಲ್ಲಿಹೋಗುವ ಅಂಡಗಳು, ಅದೂ ದಂಪತಿಗಳು ಒಪ್ಪಿ ಬರೆದುಕೊಟ್ಟಿದ್ದರೆ. ಬಾಲ್ಯವನ್ನು ವಿಡಿಯೋ ಗೇಮಿನಲ್ಲಿ ಕಳೆದು ಬೈಗುಳ ತಿಂದ ದಿಲ್ಲಿ, ಪುಣೆಯ ಹುಡುಗರು ಇದರಲ್ಲಿ ನಮಗಿಂತ ಮುಂದೆ ಹೋದರು. ಅಡಿಕೆ ಸುಲಿದು ಬೆಳೆದ ಕೈ ಅಲ್ಲಿ ಅಷ್ಟು ಪ್ರಯೋಜನಕ್ಕೆ ಬರಲಿಲ್ಲ. ಈ ವಿಧಾನ ಬ್ರಸೆಲ್ಸ್‌ನಲ್ಲಿ ಪಲೆರ್ಮೋ ಮತ್ತು ಸಂಗಡಿಗರಿಂದ 1992ರಲ್ಲಿ ಪ್ರಕಟವಾಯಿತು. ಅಂಡದ ಹೊರಗೋಡೆಯ ಕೆಳಗೆ ವೀರ್ಯಾಣುವನ್ನು ಬಿಡಲು ಹೋಗಿ, ಕೊಳವೆ ಕೈಮೀರಿ ಒಳಕ್ಕೇ ಹೊಕ್ಕದ್ದರಿಂದ ಹೊಳೆದ ದಾರಿ ಇದು ಎಂದು ಮೇಷ್ಟ್ರುಗಳು ಹೇಳುತ್ತಾರೆ. ನಮ್ಮ ಕೊಳವೆಯೂ ಕೈಮೀರುತ್ತಿತ್ತು, ಅದರಿಂದ ಏನೂ ಹೊಳೆಯುತ್ತಿರಲಿಲ್ಲ.

ಪಠ್ಯಪುಸ್ತಕದ ಮೊದಲ ಅಧ್ಯಾಯ ಯಾವಾಗಲೂ ಚರಿತ್ರೆ, ಪರೀಕ್ಷೆಗೆ ಬಾರದ್ದು ಎಂದು ಬಿಟ್ಟುಬಿಡುವಂಥದ್ದು. ನನಗೆ ಮನಸ್ಸಿನಲ್ಲಿ ಉಳಿದದ್ದು ಅದೇ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25, ಇಂಗ್ಲೆಂಡಿನ ಓಲ್ಡಮ್ಮಿನಲ್ಲಿ; ಮಾಡಿದವರು ಎಡ್ವರ್ಡ್ಸ್ ಮತ್ತು ಸ್ಟೆಪ್ಟೊ ಎಂದು ಒಂದು ವಾಕ್ಯ. ಆ ಇಬ್ಬರ ಜತೆ ಜೀನ್ ಪರ್ಡಿ ಎಂಬ ನರ್ಸ್ ಇದ್ದಳು. 1968ರಲ್ಲಿ ಎಡ್ವರ್ಡ್ಸ್ ಬಳಿ ಲ್ಯಾಬ್ ಸಹಾಯಕಿಯಾಗಿ ಸೇರಿದವಳು, ಕೇಂಬ್ರಿಜ್‌ನಿಂದ ಓಲ್ಡಮ್ಮಿಗೆ ವರ್ಷಗಟ್ಟಲೆ ಓಡಾಡಿದವಳು. ತಟ್ಟೆ ತಯಾರು ಮಾಡಿದ್ದು, ಲೆಕ್ಕ ಬರೆದಿಟ್ಟದ್ದು ಅವಳು. ಮುಂದೆ ಲೂಯಿಸ್ ಆಗಲಿದ್ದ ಆ ಭ್ರೂಣ ಒಡೆದು ಬೆಳೆಯುವುದನ್ನು ಮೊದಲು ಕಂಡದ್ದೂ ಅವಳೇ. 1985ರಲ್ಲಿ, ಮೂವತ್ತೊಂಬತ್ತಕ್ಕೇ ತೀರಿಕೊಂಡಳು. ಓಲ್ಡಮ್ ಆಸ್ಪತ್ರೆಯ ಫಲಕದಲ್ಲಿ ಅವಳ ಹೆಸರೂ ಇರಲಿ ಎಂದು ಎಡ್ವರ್ಡ್ಸ್ ಪತ್ರ ಬರೆದು ಕೇಳಿದ್ದರು. ಆದರೂ ಅಂದು ಹಾಕಿದ ಫಲಕದಲ್ಲಿ ಅವಳಿರಲಿಲ್ಲ. 2010ರಲ್ಲಿ ನೊಬೆಲ್ ಬಂದಾಗ ಉಳಿದಿದ್ದವರು ಎಡ್ವರ್ಡ್ಸ್ ಒಬ್ಬರೇ.

ಲೂಯಿಸ್ ಹುಟ್ಟಿದ ಎಪ್ಪತ್ತು ದಿನಕ್ಕೆ, ಅದೇ ವರ್ಷದ ಅಕ್ಟೋಬರ್ 3ರಂದು, ಕೊಲ್ಕತ್ತದಲ್ಲಿ ದುರ್ಗಾ ಹುಟ್ಟಿದಳು. ಅಲ್ಲಿ ಡಾ. ಸುಭಾಷ್ ಮುಖರ್ಜಿ ಭ್ರೂಣವನ್ನು ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ ಗರ್ಭಕ್ಕೆ ಸೇರಿಸಿದ್ದರು. ಈಗ ನಾವು ದಿನಾ ಮಾಡುವ ಕೆಲಸ. ಸರ್ಕಾರ ನೇಮಿಸಿದ ಸಮಿತಿ ನಂಬಲಿಲ್ಲ. ಹೊರದೇಶಕ್ಕೆ ಹೋಗಿ ಹೇಳಲು ಬಿಡಲಿಲ್ಲ. ಕೊನೆಗೆ ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ನೇಣು ಹಾಕಿಕೊಂಡರು. ಈ ಎಳೆ ಹಿಡಿದು 1990ರಲ್ಲಿ ತಪನ್ ಸಿನ್ಹಾ 'ಏಕ್ ಡಾಕ್ಟರ್ ಕಿ ಮೌತ್' ತೆಗೆದರು. ಹಾಸ್ಟೆಲಿನಲ್ಲಿ ಒಂದು ಮಳೆಗಾಲದ ರಾತ್ರಿ ಲ್ಯಾಪ್‌ಟಾಪಿನ ಮುಂದೆ ಗುಂಪಾಗಿ ಕೂತು ಅದನ್ನು ನೋಡಿದೆವು. ಮುಗಿದ ಮೇಲೆ ಯಾರೂ ಮ್ಯಾಗಿ ಮಾಡಲು ಏಳಲಿಲ್ಲ.

ಆಮೇಲೆ ನಡೆದದ್ದು ನನಗೆ ಇನ್ನೂ ದೊಡ್ಡದೆನಿಸುತ್ತದೆ. ಭಾರತದ ಮೊದಲ ಪ್ರನಾಳ ಶಿಶು ಎಂದು ಬಹುಕಾಲ ದಾಖಲೆಯಲ್ಲಿದ್ದವಳು 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಹುಟ್ಟಿದ ಹರ್ಷಾ. ಡಾ. ಇಂದಿರಾ ಹಿಂದುಜಾ ಜತೆ ಆ ಕೆಲಸದಲ್ಲಿ ವಿಜ್ಞಾನಿಯಾಗಿ ಇದ್ದವರು ಟಿ.ಸಿ. ಆನಂದ್ ಕುಮಾರ್, ಮುಂದೆ ಬೆಂಗಳೂರಿಗೆ ಬಂದು ನೆಲೆಸಿದವರು. ಅವರ ಕೈಗೆ ಮುಖರ್ಜಿಯವರ ಹಳೆಯ ಕಾಗದಪತ್ರಗಳು ಬಂದವು. ಓದಿದರು, ಹೌದು ಎನಿಸಿತು, 1997ರಲ್ಲಿ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಮೊದಲಿಗರು ನಾವಲ್ಲ, ಅವರು. ತಮ್ಮ ಹೆಸರಿನ ಮುಂದಿದ್ದ 'ಮೊದಲ' ಎಂಬುದನ್ನು ತಾವೇ ಅಳಿಸಿ, ಹದಿನಾರು ವರ್ಷದ ಹಿಂದೆ ತೀರಿಹೋದವರ ಹೆಸರಿನ ಮುಂದೆ ಬರೆದರು. ಲೇಬಲ್ ಸರಿಯಾಗಿ ಅಂಟಿಸುವುದು ಎಂದರೆ ಇದು ಎಂದು ನಮ್ಮ ಸರ್ ಒಬ್ಬರು ಹೇಳುತ್ತಿದ್ದರು.

ಕೊನೆಯ ಆರು ತಿಂಗಳು ನನಗೆ ಸಿಕ್ಕಿದ್ದು ಸಾರಜನಕದ ಕೆಲಸ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನುಗಳು ಒಂದು ಕೋಣೆಯ ತುಂಬ. ಮರದ ಕೋಲು ಇಳಿಸಿ, ಎತ್ತಿ, ಹಿಮ ಹಿಡಿದದ್ದು ಎಲ್ಲಿವರೆಗೆ ಎಂದು ಅಳೆದು, ಪುಸ್ತಕದಲ್ಲಿ ಬರೆದು, ಕಡಿಮೆಯಿದ್ದರೆ ತುಂಬಬೇಕು. ಒಳಗೆ ಬಣ್ಣಬಣ್ಣದ ಕಡ್ಡಿಗಳ ತುದಿಯಲ್ಲಿ ಜನ ಕಾದಿಟ್ಟದ್ದು ಇರುತ್ತದೆ. ವರ್ಷಕ್ಕೊಮ್ಮೆ ಅವರಿಗೆಲ್ಲ ಫೋನು ಮಾಡಿ ಕೇಳಬೇಕು: ಇಡೋಣವೇ, ಬೇಡವೇ? ಒಂದು ಮಗುವಾದವರು "ಇರಲಿ ಮೇಡಂ, ನೋಡುವ" ಎನ್ನುತ್ತಾರೆ. ಕೆಲವರ ನಂಬರು ಚಾಲ್ತಿಯಲ್ಲಿರುವುದಿಲ್ಲ. ಒಬ್ಬಾಕೆ ಬಹಳ ಹೊತ್ತು ಸುಮ್ಮನಿದ್ದು, "ನಾವಿಬ್ಬರೂ ಈಗ ಒಟ್ಟಿಗಿಲ್ಲ. ಆದ್ರೂ ಈ ಸಲದ ದುಡ್ಡು ಕಟ್ಟುತ್ತೇನೆ" ಎಂದಳು. ಈ ಚಿಕಿತ್ಸೆಗಳಿಗೆಂದು 2021ರಲ್ಲಿ ಬಂದ ಕಾಯ್ದೆಯಂತೆ ಹತ್ತು ವರ್ಷದವರೆಗೆ ಇಡಬಹುದು. ಆ ಕೋಣೆಯಲ್ಲಿ ನಾನು ಬಾಯಿ ಬಿಟ್ಟು ಮಾತಾಡಿದ್ದು ಕಡಿಮೆ. ಸಾರಜನಕ ಹೆಚ್ಚಾದರೆ ಆಮ್ಲಜನಕ ಕಮ್ಮಿಯಾಗುತ್ತದೆ ಎಂಬ ಭಯವೂ ಒಂದು ಕಾರಣ.

ಓದು ಮುಗಿಯಿತು, ಕೆಲಸ ಸಿಕ್ಕಿತು. ಈಗಿರುವ ಊರಿನಲ್ಲೂ ಹೂ ಮುಡಿಯುವುದಿಲ್ಲ. ಮದುವೆಮನೆಗಳಲ್ಲಿ ನನ್ನ ಬರಿದಾದ ಜಡೆ ನೋಡಿ ಪ್ರಶ್ನೆ ಕೇಳುವವರಿಗೆ ಅಲರ್ಜಿ ಎನ್ನುತ್ತೇನೆ. ಚಿಕ್ಕಪ್ಪ ಹೆಪ್ಪುಗಟ್ಟಿದ ಮೂರು ವರ್ಷಕ್ಕೆ ಶನಿಯನ್ನು ಹೊಣೆಮಾಡಿ ಲೆಕ್ಕ ಮುಗಿಸಿದ್ದಾರೆ.

ಒಂದು ಸಂಗತಿ ಮಾತ್ರ ಓದುವಾಗ ಯಾರೂ ಹೇಳಿರಲಿಲ್ಲ, ಬಹುಶಃ ಹೇಳಬೇಕಾದ್ದೇ ಇಲ್ಲ. ನಮಗೆ ಒಂದು ಮಗುವಿನ ಪರಿಚಯ ಇರುವುದು ಐದು ದಿನ. ಎಂಟು ಕೋಶ ಆಗಿದ್ದಾಗ ಹೇಗಿತ್ತು, ಯಾವ ಕೋಶ ಸ್ವಲ್ಪ ದೊಡ್ಡದಿತ್ತು, ನಾಲ್ಕನೆಯ ದಿನ ಹಿಂದುಳಿದು ಐದನೆಯ ದಿನ ಹೇಗೆ ಸರಿಹೋಯಿತು, ಇದು ಅದರ ತಾಯಿಗೂ ಗೊತ್ತಿಲ್ಲ, ನಮಗೆ ಗೊತ್ತು. ಆರನೆಯ ದಿನದಿಂದ ಅದು ಯಾರೋ ನಾವು ಯಾರೋ. ಹದಿನಾಲ್ಕು ದಿನದ ನಂತರದ ರಕ್ತ ಪರೀಕ್ಷೆಯ ಅಂಕೆ ಕಾಗದದಲ್ಲಿ ಬರುತ್ತದೆ. ಹೆರಿಗೆ ಬೇರೆ ಊರಿನಲ್ಲಿ ಆಗುತ್ತದೆ. ಡಾಕ್ಟರ ಕೋಣೆಯ ಗೋಡೆಯಲ್ಲಿ ಮಕ್ಕಳ ಫೋಟೊ ಸಾಲಾಗಿ ಇವೆ, ಮಸಿ ಬೊಟ್ಟು, ಕೈಬಳೆ, ಉಲ್ಲನ್ ಟೊಪ್ಪಿ. ನಾನು ಕಡತ ಕೊಡಲು ಹೋದಾಗ ಅವುಗಳ ಮುಂದೆ ನಿಂತು ಇದರಲ್ಲಿ ನನ್ನ ನಾಲ್ಕು ಎ ಎ ಯಾವುದು ಎಂದು ಹುಡುಕಿದ್ದುಂಟು. ಗುರುತು ಹತ್ತಲಿಲ್ಲ. ಎಲ್ಲಕ್ಕೂ ಕೆನ್ನೆ ಬಂದಿತ್ತು.

ಆದ್ದರಿಂದ ನಿಮ್ಮಲ್ಲೊಂದು ಕೋರಿಕೆ. ಮುಂದೆ ಎಂದಾದರೂ ನೀವೋ ನಿಮ್ಮವರೋ ಪೇಡಾ ಡಬ್ಬಿ ಹಿಡಿದು ಇಂಥ ಆಸ್ಪತ್ರೆಗೆ ಹೋದರೆ, ಡಾಕ್ಟರಿಗೆ ಕೊಟ್ಟಾದ ಮೇಲೆ ಒಳಕೋಣೆಯವರನ್ನೂ ಒಮ್ಮೆ ಹೊರಗೆ ಕರೆಸಿ. ಮಾಸ್ಕ್, ಟೊಪ್ಪಿ ಹಾಕಿಕೊಂಡು ಬರುತ್ತಾರೆ, ಯಾರೆಂದು ತಿಳಿಯುವುದಿಲ್ಲ, ಪರವಾಗಿಲ್ಲ. ಮಗುವನ್ನು ಒಂದು ನಿಮಿಷ ಅವರ ಕೈಗೆ ಕೊಡಿ. ಪೇಡಾಕ್ಕೆ ಏಲಕ್ಕಿ ಹಾಕಿಸಬೇಡಿ. ಮಧ್ಯಾಹ್ನ ಮತ್ತೆ ಒಳಗೆ ಹೋಗಬೇಕು.